ಉಪ್ಪು ತಿಂದೂ ನೀರು ಕುಡಿಯದವರು

ಸಭಾಧ್ಯಕ್ಷರೇ, ಚಿತ್ರಸಮಾಜದ ಗೆಳೆಯರೇ,

ಈಗಷ್ಟೇ ದೀಪಗಳು ಹೊತ್ತಿಕೊಂಡಿವೆ, ನಿಮ್ಮ ಮುಖದ ಮೇಲಿನ ನಗೆ ಇನ್ನೂ ಪೂರ್ತಿ ಇಳಿದಿಲ್ಲ. ಇಂಥ ಹೊತ್ತಿನಲ್ಲಿ ಎದ್ದುನಿಂತು ಉಪನ್ಯಾಸ ಕೊಡುವವನಿಗಿಂತ ಅರಸಿಕ ಇನ್ನೊಬ್ಬನಿಲ್ಲವೆಂಬುದು ನನಗೆ ಗೊತ್ತಿದೆ. ಎರ್ನ್‌ಸ್ಟ್ ಲುಬಿಚ್ 1932ರಲ್ಲಿ ಪ್ಯಾರಮೌಂಟ್ ಸಂಸ್ಥೆಗಾಗಿ ತೆಗೆದ ‘ಟ್ರಬಲ್ ಇನ್ ಪ್ಯಾರಡೈಸ್’ ಚಿತ್ರವನ್ನು ಈಗ ತಾನೇ ನೋಡಿರುವ ನಿಮಗೆ ಅದರ ಕಥೆ ಹೇಳುವ ಉದ್ದೇಶ ನನಗಿಲ್ಲ. ನಾನು ಮೊದಲು ಸಿದ್ಧಪಡಿಸಿಕೊಂಡಿದ್ದುದು ಲುಬಿಚ್ಚನ ಬಾಗಿಲುಗಳನ್ನು ಕುರಿತ ಮಾತು. ಯಾವ ಬಾಗಿಲು ಯಾವಾಗ ತೆರೆಯುತ್ತದೆ, ಯಾರ ಮುಖದೆದುರು ಮುಚ್ಚುತ್ತದೆ ಎಂಬುದರ ಪಟ್ಟಿಯೇ ಈ ಜೇಬಿನಲ್ಲಿದೆ. ಆದರೆ ಎರಡು ವಾರಗಳ ಹಿಂದೆ ಬಂದ ಒಂದು ಕಾಗದ ನನ್ನ ದಾರಿಯನ್ನು ಬದಲಿಸಿತು.

ಕಾಗದ ಬರೆದವರು ನಮ್ಮ ಸಮಾಜದ ಹಿರಿಯ ಸದಸ್ಯರು. ಅವರ ಹೆಸರನ್ನು ಹೇಳುವುದಿಲ್ಲವೆಂದು ಮಾತು ಕೊಟ್ಟು, ವಿಷಯವನ್ನು ಪ್ರಸ್ತಾಪಿಸಲು ಅನುಮತಿ ಪಡೆದಿದ್ದೇನೆ. ಹೋದ ವರ್ಷ ಅವರಿಗೊಂದು ದೂರವಾಣಿ ಕರೆ ಬಂತು. ಆ ಕಡೆಯ ದನಿ ಬಹಳ ವಿನಯದ್ದು. ವಾಕ್ಯಕ್ಕೊಮ್ಮೆ ‘ಸರ್’ ಎನ್ನುತ್ತಿತ್ತು, ಇವರು ಕೆಮ್ಮಿದಾಗ ‘ಸ್ವಲ್ಪ ನೀರು ಕುಡಿದು ಬನ್ನಿ, ನಾನು ಕಾಯುತ್ತೇನೆ’ ಎಂದಿತು. ಇವರು ನೀರು ಕುಡಿದು ಬಂದರು. ಅದಾದ ಅರ್ಧ ಗಂಟೆಯಲ್ಲಿ ಅವರ ನಿವೃತ್ತಿಯ ಹಣದ ಒಂದು ಭಾಗ ಖಾತೆಯಿಂದ ಹೊರಟುಹೋಗಿತ್ತು. ಅವರ ಪ್ರಶ್ನೆ ನೇರವಾಗಿದೆ: ಹಾಸ್ಯಚಿತ್ರಗಳ ಮಾಲಿಕೆಯನ್ನು ಆರಂಭಿಸುವಾಗ, ಕಳ್ಳನನ್ನು ಇಷ್ಟು ಚೆಲುವನನ್ನಾಗಿ ತೋರಿಸಿ ಕೊನೆಗೆ ಅವನನ್ನು ಸುಖವಾಗಿ ಕಾರಿನಲ್ಲಿ ಕಳುಹಿಸಿಕೊಡುವ ಚಿತ್ರವೇ ನಿಮಗೆ ಬೇಕಾಗಿತ್ತೇ? ಇದಕ್ಕೆ ‘ಕಲೆ ಬೇರೆ, ಬದುಕು ಬೇರೆ’ ಎಂದು ಉತ್ತರಿಸಿ ಜಾರಿಕೊಳ್ಳುವುದು ನನಗೆ ನಾಚಿಕೆಯ ವಿಷಯವಾಗಿ ಕಂಡಿತು.

ಅವರ ಕಾಗದದಲ್ಲಿ ಮೂರು ಬಾರಿ ಬಂದಿರುವ ಮಾತು ‘ನಯವಂಚಕ’. ವಂಚನೆಗೆ ಕನ್ನಡದಲ್ಲಿ ಮಾತುಗಳು ಹೇರಳವಾಗಿವೆ: ಟೋಪಿ ಹಾಕುತ್ತೇವೆ, ನಾಮ ಎಳೆಯುತ್ತೇವೆ, ಕಿವಿಯ ಮೇಲೆ ಹೂವಿಡುತ್ತೇವೆ. ಟೋಪಿ, ನಾಮ, ಹೂವು ಎಲ್ಲವೂ ಅಲಂಕಾರದ ವಸ್ತುಗಳೇ ಎಂಬುದನ್ನು ಗಮನಿಸಬೇಕು. ಮೋಸಹೋದವನನ್ನು ನಾವು ಮದುಮಗನಂತೆ ಸಿಂಗರಿಸುತ್ತೇವೆ. ‘ನಯವಂಚಕ’ ಎಂಬ ಮಾತು ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು, ಏಕೆಂದರೆ ಅದು ವಂಚಕನ ಕಡೆ ನೋಡುತ್ತದೆ. ನಮ್ಮ ಸದಸ್ಯರ ದೃಷ್ಟಿಯಲ್ಲಿ ಆ ಪದದ ಮೊದಲರ್ಧ ಎರಡನೆಯ ಅರ್ಧದ ಉಪಕರಣ ಮಾತ್ರ. ನಯವೆನ್ನುವುದು ಚೂರಿಗೆ ಸವರಿದ ಬೆಣ್ಣೆ. ದೂರವಾಣಿಯ ಆ ಮನುಷ್ಯನ ವಿಷಯದಲ್ಲಿ ಇದು ಅಕ್ಷರಶಃ ನಿಜ. ಲುಬಿಚ್ಚನ ಚಿತ್ರದಲ್ಲಿ ಮಾತ್ರ ಆ ಮೊದಲರ್ಧಕ್ಕೆ ಬೇರೆಯದೇ ಆದ ಒಂದು ಬಾಳು ಇದೆ. ಅದನ್ನು ತೋರಿಸಲು ವೆನಿಸ್ಸಿನ ಹೋಟೆಲಿನ ಆ ಊಟದ ಮೇಜಿಗೆ ನಿಮ್ಮನ್ನು ಇನ್ನೊಮ್ಮೆ ಕರೆದೊಯ್ಯುತ್ತೇನೆ.

ಬ್ಯಾರನ್ ಎಂದು ಹೇಳಿಕೊಳ್ಳುವ ಗ್ಯಾಸ್ಟನ್, ಕೌಂಟೆಸ್ ಎಂದು ಹೇಳಿಕೊಳ್ಳುವ ಲಿಲಿ ಎದುರುಬದುರಾಗಿ ಕುಳಿತಿದ್ದಾರೆ. ಆ ಪಾತ್ರಗಳಲ್ಲಿ ಹರ್ಬರ್ಟ್ ಮಾರ್ಷಲ್ ಮತ್ತು ಮಿರಿಯಮ್ ಹಾಪ್ಕಿನ್ಸ್. ಊಟದ ನಡುವೆ ಆಕೆ ಅತ್ಯಂತ ಸಹಜವಾದ ದನಿಯಲ್ಲಿ, ನೀವೊಬ್ಬ ಕಳ್ಳ, ಇನ್ನೂರೈವತ್ತಮೂರು, ಐದು, ಏಳು, ಒಂಬತ್ತನೆಯ ಕೋಣೆಗಳ ಮಹನೀಯರನ್ನು ದೋಚಿದವರು ನೀವೇ ಎನ್ನುತ್ತಾಳೆ. ಅದೇ ಉಸಿರಿನಲ್ಲಿ, ಉಪ್ಪನ್ನು ಸ್ವಲ್ಪ ಈಚೆಗೆ ಕೊಡುವಿರಾ ಎಂದು ಕೇಳುತ್ತಾಳೆ. ಅವನು ಉಪ್ಪನ್ನು ಕೊಡುತ್ತಾನೆ. ಮೆಣಸಿನ ಪುಡಿಯೂ ಬೇಕೇ ಎಂದು ವಿಚಾರಿಸುತ್ತಾನೆ. ಬೇಡ, ಧನ್ಯವಾದ ಎನ್ನುತ್ತಾಳೆ. ಆಮೇಲೆ ಅವನ ಸರದಿ: ಆ ಮಹನೀಯರ ಕೈಚೀಲ ಈಗ ನಿಮ್ಮ ಬಳಿ ಇದೆ, ನನ್ನ ಜೇಬಿನಿಂದ ನೀವು ಅದನ್ನು ತೆಗೆದಾಗ ನನಗೆ ಕಚಗುಳಿಯಾಯಿತು. ಎದ್ದು ಬಾಗಿಲಿಗೆ ಬೀಗ ಹಾಕಿ, ಪರದೆ ಎಳೆದು, ಅವಳನ್ನು ಹಿಡಿದು ಅಲುಗಾಡಿಸಿದಾಗ ಕೈಚೀಲ ನೆಲಕ್ಕೆ ಬೀಳುತ್ತದೆ. ಇಬ್ಬರೂ ಮತ್ತೆ ಕುಳಿತು ಊಟ ಮುಂದುವರಿಸುತ್ತಾರೆ. ಆಗ ಶುರುವಾಗುವುದು ಕೊಡುಕೊಳ್ಳುವಿಕೆ. ಅವನು ಅವಳ ಪಿನ್ನನ್ನು ಹಿಂದಿರುಗಿಸುತ್ತ, ಅದರಲ್ಲಿರುವ ಒಂದು ಹರಳು ಬಹಳ ಒಳ್ಳೆಯದು ಎಂದು ಪ್ರಮಾಣಪತ್ರವನ್ನೂ ಕೊಡುತ್ತಾನೆ. ಆಕೆ ಅವನ ಗಡಿಯಾರವನ್ನು ಹಿಂದಿರುಗಿಸುತ್ತ, ಐದು ನಿಮಿಷ ಹಿಂದಿತ್ತು, ಸರಿಪಡಿಸಿದ್ದೇನೆ ಎನ್ನುತ್ತಾಳೆ. ಕೊನೆಯ ವಸ್ತು ಅವಳ ಕಾಲಿನ ಪಟ್ಟಿ, ಅದನ್ನು ಅವನು ಹಿಂದಿರುಗಿಸುವುದಿಲ್ಲ. ಆಕೆ ತಡಕಿ ನೋಡಿಕೊಂಡು, ಅದೂ ಹೋಗಿದೆಯೆಂದು ತಿಳಿದ ಕ್ಷಣದಲ್ಲಿ ಅವನ ತೊಡೆಯೇರುತ್ತಾಳೆ.

ಕದ್ದ ಪಿನ್ನಿನ ಹರಳನ್ನು ಹೊಗಳಿ ಹಿಂದಿರುಗಿಸುವ ಕಳ್ಳನನ್ನು ಏನೆಂದು ಕರೆಯಬೇಕು? ಅವನಿಗೆ ಆ ನಯದಿಂದ ಯಾವ ಲಾಭವೂ ಇಲ್ಲ. ಗುಟ್ಟು ಬಯಲಾಗಿಹೋಗಿದೆ, ಮರೆಮಾಚುವುದು ಏನೂ ಉಳಿದಿಲ್ಲ. ದೂರವಾಣಿಯ ವಂಚಕನ ವಿನಯ ಹಣ ಕೈಗೆ ಬಂದ ಕ್ಷಣದಲ್ಲಿ ಕರೆಯೊಂದಿಗೇ ಕಡಿದುಹೋಗುತ್ತದೆ. ಗ್ಯಾಸ್ಟನ್ನನ ವಿನಯ ಗುಟ್ಟು ಬಯಲಾದ ಮೇಲೂ ನಡೆಯುತ್ತದೆ, ನನ್ನ ಪ್ರಕಾರ ಬಯಲಾದ ಮೇಲೆಯೇ ಅದು ನಿಜವಾಗಿ ಶುರುವಾಗುತ್ತದೆ. ಈ ಉಪ್ಪಿನ ಬಟ್ಟಲನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಂಡಿರಿ. ನಾನು ಮತ್ತೆ ಮತ್ತೆ ಅದಕ್ಕೇ ಬರುವವನಿದ್ದೇನೆ.

ಉಪ್ಪೆಂದಾಗ ನನಗೆ ನಮ್ಮ ಸೋದರಮಾವನ ನೆನಪಾಗುತ್ತದೆ. ಅಧ್ಯಕ್ಷರು ಮುಗುಳ್ನಗುತ್ತಿದ್ದಾರೆ, ಏಕೆಂದರೆ ಈ ಕಥೆಯನ್ನು ಅವರು ನಾಲ್ಕು ಸಲವಾದರೂ ಕೇಳಿದ್ದಾರೆ; ಐದನೆಯ ಸಲಕ್ಕೆ ಕ್ಷಮೆಯಿರಲಿ. ನಾನು ಆರನೆಯ ತರಗತಿಯಲ್ಲಿದ್ದಾಗ ತೀರ್ಥಹಳ್ಳಿಯ ಕಡೆಯ ಅವರ ಮನೆಯಲ್ಲಿ ಮಳೆಗಾಲ ಕಳೆಯುತ್ತಿದ್ದೆ. ಒಂದು ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾದ ಹೊತ್ತಿನಲ್ಲಿ, ಬಿಳಿಯ ಪಂಚೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಮನುಷ್ಯ ಜಗಲಿಗೆ ಬಂದು, ‘ರಾಯರೇ, ಒಂದು ಗಳಿಗೆ ಕುಳಿತುಕೊಳ್ಳಬಹುದೇ’ ಎಂದ. ನಮ್ಮ ಮಾವ ಅಂಥ ಕನ್ನಡಕ್ಕೆ ಸೋಲುವವರು. ಕಾಫಿಗೆ ಹೇಳಲು ಅವರು ಒಳಗೆ ಹೋಗಿಬಂದರು. ಅವಲಕ್ಕಿ ಬಂತು, ಕಾಫಿ ಬಂತು. ಆತ ಊರಿನ ಅಡಿಕೆ ಧಾರಣೆಯಿಂದ ಹಿಡಿದು ಕುಮಾರವ್ಯಾಸನವರೆಗೆ ಮಾತಾಡಿದ. ಹೊರಡುವ ಹೊತ್ತಿಗೆ ದನಿ ತಗ್ಗಿಸಿ, ಬಸ್ಸಿನಲ್ಲಿ ತನ್ನ ಹಣದ ಚೀಲ ಹೋಯಿತೆಂದೂ, ಶಿವಮೊಗ್ಗಕ್ಕೆ ಹೋಗಲು ಇಪ್ಪತ್ತು ರೂಪಾಯಿ ಕೊಟ್ಟರೆ ಬರುವ ವಾರ ತಂದುಕೊಡುತ್ತೇನೆಂದೂ ಹೇಳಿದ. ಮಾವ ಉತ್ತರಿಸುವ ಮೊದಲೇ, ಪಕ್ಕದಲ್ಲಿ ಮಡಚಿ ಇಟ್ಟುಕೊಂಡಿದ್ದ ಕೊಡೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಹಿಡಿದು, ‘ನಂಬಿಕೆಗೆ ಇದನ್ನು ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಕೊಡೆ ಬಿಟ್ಟುಹೋದವನು ಮರಳಿ ಬರಲೇಬೇಕಲ್ಲವೇ’ ಎಂದ.

ಮಾವನ ಕಣ್ಣು ತುಂಬಿಬಂದಿರಬೇಕು. ಹಣ ಕೊಟ್ಟದ್ದು ಮಾತ್ರವಲ್ಲ, ಮೋಡ ಕಟ್ಟಿದೆ, ಕೊಡೆಯನ್ನು ನೀವೇ ಒಯ್ಯಿರಿ ಎಂದು ಬಹಳ ಒತ್ತಾಯಿಸಿದರು. ಆತ ಒಪ್ಪಲಿಲ್ಲ. ‘ಮಾತೆಂದರೆ ಮಾತು, ರಾಯರೇ’ ಎಂದು ಕೈಮುಗಿದು ಅಡಿಕೆ ತೋಟದ ದಾರಿಯಲ್ಲಿ ಇಳಿದುಹೋದ. ಮಾವ ಆ ಕೊಡೆಯನ್ನು ಜಗಲಿಯ ಗೂಟಕ್ಕೆ ತಾವೇ ತೂಗುಹಾಕಿದರು; ಆ ಗೂಟ ಖಾಲಿಯಿದ್ದದ್ದು ಏಕೆಂದು ಅವರಿಗೆ ಹೊಳೆಯಲಿಲ್ಲ. ಮರುದಿನ ಪೇಟೆಗೆ ಹೊರಟಾಗ ಮಳೆ ಬಂತು, ಕೊಡೆ ಬಿಚ್ಚಿದರು. ಕಪ್ಪು ಬಟ್ಟೆಯ ಮೇಲೆ, ಬಿಳಿಯ ಬಣ್ಣದಲ್ಲಿ, ಅವರದೇ ಹೆಸರಿನ ಮೊದಲಕ್ಷರಗಳು. ಆತ ಕಾಫಿಗೆ ಹೇಳಲು ಇವರು ಒಳಗೆ ಹೋದಾಗ ಗೂಟದಿಂದ ತೆಗೆದು ಪಕ್ಕದಲ್ಲಿ ಇಟ್ಟುಕೊಂಡಿದ್ದ, ಅಷ್ಟೆ. ಅತ್ತೆಗೆ ಕೋಪ ತಡೆಯಲಾಗಲಿಲ್ಲ: ‘ನಮ್ಮ ಮನೆಯ ಉಪ್ಪು ತಿಂದು ಹೋಗಿದ್ದಾನೆ, ಉಪ್ಪು ತಿಂದವ ನೀರು ಕುಡಿಯಲೇಬೇಕು.’ ಮಾವ ಯೋಚಿಸಿ ಹೇಳಿದರು: ‘ನೀರಲ್ಲ ಮಾರಾಯ್ತಿ, ಕಾಫಿಯನ್ನೇ ಕುಡಿದ. ಎರಡು ಲೋಟ.’

ಮುಂದೆ ಇಪ್ಪತ್ತೈದು ವರ್ಷ ಮಾವ ಆ ಕಥೆಯನ್ನು ಹೇಳುತ್ತಿದ್ದರು, ಮತ್ತು ಪ್ರತಿಸಲವೂ ಆ ಮನುಷ್ಯನ ಕನ್ನಡವನ್ನು ಹೊಗಳುತ್ತಿದ್ದರು. ನಾನು ಈ ಚಿತ್ರವನ್ನು ಮೊದಲ ಬಾರಿ ನೋಡಿದಾಗ, ಪ್ಯಾರಿಸ್ಸಿನ ಸುಗಂಧದ ಕಂಪನಿಯ ಒಡತಿ ಮದಾಮ್ ಕೊಲೆ (Colet) ಎಂಬವಳ ವಜ್ರಖಚಿತ ಕೈಚೀಲವನ್ನು ಒಪೆರಾದಲ್ಲಿ ಕದ್ದ ಗ್ಯಾಸ್ಟನ್, ಪತ್ರಿಕೆಯಲ್ಲಿ ಬಹುಮಾನದ ಜಾಹೀರಾತು ಕಂಡು ಅದೇ ಚೀಲವನ್ನು ಹಿಡಿದು ಅವಳ ಮನೆಯ ಮೆಟ್ಟಿಲೇರಿದಾಗ, ಇದು ನಮ್ಮ ಜಗಲಿಯ ಕೊಡೆಯಲ್ಲವೇ ಎನ್ನಿಸಿತು.

ಆ ಚೀಲದ ಲೆಕ್ಕವನ್ನು ನೋಡೋಣ, ಏಕೆಂದರೆ ಲುಬಿಚ್ ಲೆಕ್ಕವನ್ನು ಬಹಳ ಖಚಿತವಾಗಿ ಇಡುವ ನಿರ್ದೇಶಕ. ಕೊಳ್ಳುವಾಗ ಅದರ ಬೆಲೆ 1,25,000 ಫ್ರಾಂಕ್. ಅದಕ್ಕೂ ಮೊದಲು ಅಂಗಡಿಯವನು ತೋರಿಸಿದ 3,000 ಫ್ರಾಂಕಿನ ಚೀಲವನ್ನು ಆಕೆ ದುಬಾರಿಯೆಂದು ತಳ್ಳಿಹಾಕಿರುತ್ತಾಳೆ. ಕಳೆದಾಗ ಘೋಷಿಸಿದ ಬಹುಮಾನ 20,000. ಗ್ಯಾಸ್ಟನ್ ಮತ್ತು ಲಿಲಿ ಕುಳಿತು ಕಳ್ಳಮಾಲಿನ ಮಾರುಕಟ್ಟೆಯ ದರವನ್ನು ಚರ್ಚಿಸಿ, ಎಲ್ಲದರ ಬೆಲೆಯೂ ಕುಸಿದಿರುವ ಈ ಕಾಲದಲ್ಲಿ ಕದ್ದದ್ದನ್ನು ಮಾರುವುದಕ್ಕಿಂತ ಪ್ರಾಮಾಣಿಕವಾಗಿ ಹಿಂದಿರುಗಿಸುವುದೇ ಹೆಚ್ಚು ಲಾಭಕರವೆಂಬ ತೀರ್ಮಾನಕ್ಕೆ ಬರುತ್ತಾರೆ. ಈ ಒಂದು ಮಾತಿನಲ್ಲಿ 1932ರ ಇಡೀ ಜಗತ್ತು ಇದೆ. ಅಮೆರಿಕದಲ್ಲಿ ಕೆಲಸಗಾರರಲ್ಲಿ ನಾಲ್ವರಿಗೊಬ್ಬರಂತೆ ನಿರುದ್ಯೋಗಿಗಳಾಗುವತ್ತ ದಿನಗಳು ಸಾಗಿದ್ದವು. ಚಿತ್ರವನ್ನು ತೆಗೆದ ಪ್ಯಾರಮೌಂಟ್ ಸಂಸ್ಥೆಯೇ ಮರುವರ್ಷ ದಿವಾಳಿಯ ಕಟ್ಟೆ ಹತ್ತಿತು. ಬಹುಮಾನ ಪಡೆಯುವಾಗ ಗ್ಯಾಸ್ಟನ್ ತಾನು ‘ಹೊಸ ಬಡವರ’ ಪಂಗಡಕ್ಕೆ ಸೇರಿದವನೆಂದು ಹೇಳಿಕೊಳ್ಳುತ್ತಾನಲ್ಲ, ಹೊಸ ಶ್ರೀಮಂತರೆಂಬ ಬೈಗುಳವನ್ನು ಮಗುಚಿಹಾಕಿದ ಆ ಮಾತಿಗೆ ಅಂದಿನ ಚಿತ್ರಮಂದಿರಗಳಲ್ಲಿ ಕುಳಿತವರು ನಕ್ಕಿದ್ದರೆ, ಅದು ತಮ್ಮ ಜೇಬನ್ನು ತಡವಿಕೊಂಡು ನಕ್ಕ ನಗೆ.

ಈ ಚಿತ್ರವನ್ನು ‘ನೊರೆ’, ‘ಷಾಂಪೇನಿನ ಗುಳ್ಳೆ’ ಎಂದೆಲ್ಲ ಬಣ್ಣಿಸುವುದು ರೂಢಿಯಾಗಿಹೋಗಿದೆ. ನನಗೆ ಈ ರೂಢಿಯ ಮೇಲೆ ಹಳೆಯ ಸಿಟ್ಟಿದೆ. ಚಿತ್ರದ ಮೊದಲ ದೃಶ್ಯವೇ ಕಸದ ಡಬ್ಬಿ. ವೆನಿಸ್ಸಿನ ರಾತ್ರಿ, ಕಾಲುವೆ, ದೋಣಿ. ಆ ದೋಣಿಯಲ್ಲಿರುವುದು ಕಸದ ರಾಶಿ. ಕಸ ಸುರಿದವನು ಪ್ರೇಮಗೀತೆ ಹಾಡುತ್ತ ಹುಟ್ಟು ಹಾಕಿಕೊಂಡು ಹೋಗುತ್ತಾನೆ. ಪ್ಯಾರಿಸ್ಸಿಗೆ ಬಂದರೆ, ಕಂಪನಿಯ ಆಡಳಿತ ಮಂಡಳಿಯ ಅಧ್ಯಕ್ಷ ಜಿರೋನ್ ಸಂಬಳಗಳನ್ನು ಕಡಿತಗೊಳಿಸಬೇಕೆನ್ನುತ್ತಾನೆ. ಮದಾಮ್ ಕೊಲೆ ಕೇಳುವುದಿಲ್ಲ, ಊಟಕ್ಕೆ ಹೋಗಬೇಕಾಗಿದೆ, ಸಂಬಳ ಇದ್ದಲ್ಲಿಯೇ ಇರಲಿ ಎನ್ನುತ್ತಾಳೆ. ಕರುಣೆಯೋ ಬೇಸರವೋ ಹೇಳುವುದು ಕಷ್ಟ. ಬಹುಮಾನದ ಸರದಿಯಲ್ಲಿ ನಿಂತ ರಷ್ಯನ್ ಕಮ್ಯುನಿಸ್ಟನೊಬ್ಬ, ಇಂಥ ಕಾಲದಲ್ಲಿ ಒಂದು ಚೀಲಕ್ಕೆ ಇಷ್ಟು ಸುರಿಯುವ ಹೆಂಗಸಿಗೆ ಧಿಕ್ಕಾರವೆಂದು ಮೂರು ಸಲ ‘ಥೂ’ ಎಂದು ಹೇಳಲೆಂದೇ ಅಷ್ಟು ದೂರ ಬಂದಿರುತ್ತಾನೆ. ಅವನನ್ನು ಹೊರಗಟ್ಟುವವನು ಯಾರು? ಕಳ್ಳ ಗ್ಯಾಸ್ಟನ್, ಅದೂ ಅವನದೇ ಭಾಷೆಯಲ್ಲಿ ಮಾತಾಡಿ. ಇದು ನೊರೆಯಾದರೆ, ಕೆಳಗಿನ ಹಾಲು ಚೆನ್ನಾಗಿಯೇ ಕುದಿಯುತ್ತಿದೆ.

ಜಿರೋನ್ ವಿಷಯಕ್ಕೆ ಬರುತ್ತೇನೆ. ಬಿಳಿಗೂದಲು, ಗಂಭೀರ ದನಿ, ಸತ್ತುಹೋದ ಯಜಮಾನನ ಕಾಲದಿಂದಲೂ ಮನೆಯ ಹಿತೈಷಿ, ಸಿ. ಆಬ್ರಿ ಸ್ಮಿತ್ ಅಂಥ ಪಾತ್ರಗಳಿಗೆಂದೇ ಹುಟ್ಟಿದ ನಟ. ಸಂಬಳ ಕಡಿಮೆ ಮಾಡಿರೆಂದು ಒತ್ತಾಯಿಸಿದ ಈ ಹಿರಿಯ ವರ್ಷಗಟ್ಟಲೆ ಕಂಪನಿಯ ಹಣವನ್ನು ನುಂಗಿರುವುದನ್ನು ಪತ್ತೆ ಹಚ್ಚುವವನೂ, ಅಷ್ಟರಲ್ಲಿ ಮದಾಮ್ ಕೊಲೆಯ ಕಾರ್ಯದರ್ಶಿಯಾಗಿ ಸೇರಿಕೊಂಡಿರುವ ಗ್ಯಾಸ್ಟನ್ನೇ. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು. ಆದರೆ ಆ ವಿಷಯ ತಿಳಿದಾಗ ಮದಾಮ್ ಕೊಲೆ ಹಿಂಜರಿಯುತ್ತಾಳೆ, ಅಷ್ಟು ಹಳೆಯ ಸ್ನೇಹಿತನನ್ನು ಪೊಲೀಸರಿಗೆ ಕೊಡುವುದು ಹೇಗೆಂದು. ಆಗ ಗ್ಯಾಸ್ಟನ್ ಮೊದಲ ಬಾರಿಗೆ ನಯವನ್ನು ಬದಿಗಿಟ್ಟು ಕಹಿಯಾಗಿ ಮಾತಾಡುತ್ತಾನೆ: ದೊಡ್ಡವರ ಪಟ್ಟಿಯಲ್ಲಿ ಹೆಸರಿದ್ದರೆ ಜೈಲಿಲ್ಲ, ತಳದಿಂದ ಸ್ವಂತ ದುಡಿಮೆಯಿಂದ ಮೇಲೆ ಬಂದ ಕಳ್ಳನಿಗೆ ಮಾತ್ರ ಪೊಲೀಸರು. ಅಮೆರಿಕದಲ್ಲಿ ಸ್ವಪ್ರಯತ್ನದಿಂದ ಮೇಲೆ ಬಂದ ಮನುಷ್ಯನನ್ನು ಪೂಜಿಸುವುದು ಒಂದು ಧರ್ಮವೇ ಆಗಿದ್ದಾಗ, ಆ ಮಂತ್ರವನ್ನೇ ಕಳ್ಳನ ಬಾಯಿಗೆ ಹಾಕಿದ್ದು ಸಣ್ಣ ಧೈರ್ಯವಲ್ಲ. ಈ ಮಾತನ್ನು ಆಡುವಾಗ ಮಾರ್ಷಲ್ ದನಿಯನ್ನು ಏರಿಸಿದರೂ ಅವನ ಕೋಟಿನ ಒಂದು ಗುಂಡಿಯೂ ಅಲುಗುವುದಿಲ್ಲ, ಗಮನಿಸಿದಿರಾ?

ನಮ್ಮ ಅತ್ತೆಯ ಗಾದೆಯನ್ನು ಹಾಲಿವುಡ್ ಕಾಗದದ ಮೇಲೆ ಬರೆದು ಕಾನೂನು ಮಾಡಿಕೊಂಡ ಚರಿತ್ರೆ ನಿಮಗೆ ಗೊತ್ತೇ ಇದೆ. ಉದ್ಯಮವೇ ತನಗೆ ತಾನು ಹಾಕಿಕೊಂಡ ನಿರ್ಮಾಣ ಸಂಹಿತೆ 1930ರಲ್ಲಿ ಸಿದ್ಧವಾಗಿತ್ತು. 1934ರ ನಡುವಿನಿಂದ ಜೋಸೆಫ್ ಬ್ರೀನ್ ಅದನ್ನು ಬಿಗಿಯಾಗಿ ಜಾರಿಗೆ ತಂದ. ಅಪರಾಧ ಮಾಡಿದವನು ಶಿಕ್ಷೆ ಅನುಭವಿಸಲೇಬೇಕು, ಪ್ರೇಕ್ಷಕರ ಸಹಾನುಭೂತಿ ಅಪರಾಧದ ಕಡೆ ವಾಲಕೂಡದು. ಉಪ್ಪು ತಿಂದವನು ಕೊನೆಯ ರೀಲಿನ ಒಳಗೆ ನೀರು ಕುಡಿಯಬೇಕು. ಅದಕ್ಕೂ ಮೊದಲೇ ತೆರೆಕಂಡಿದ್ದ ಈ ಚಿತ್ರವನ್ನು 1935ರಲ್ಲಿ ಮತ್ತೆ ಬಿಡುಗಡೆ ಮಾಡಲು ಪ್ಯಾರಮೌಂಟ್ ಕೇಳಿದಾಗ ಅನುಮತಿ ಸಿಗಲಿಲ್ಲ. 1943ರಲ್ಲಿ ಇದೇ ಕಥೆಯನ್ನು ಸಂಗೀತಚಿತ್ರವಾಗಿ ಮಾಡುವ ಯೋಜನೆಗೂ ಒಪ್ಪಿಗೆ ದೊರೆಯಲಿಲ್ಲ. ಚಿತ್ರ ಮತ್ತೆ ಜನರ ಕಣ್ಣಿಗೆ ಬಿದ್ದದ್ದು 1968ರಲ್ಲಿ, ಆ ಸಂಹಿತೆಯೂ ಅದೇ ವರ್ಷ ಮುಗಿಯಿತು. ಲುಬಿಚ್ 1947ರಲ್ಲಿ, ಐವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ. ಶುದ್ಧ ಶೈಲಿಯ ದೃಷ್ಟಿಯಿಂದ ಇದಕ್ಕಿಂತ ಉತ್ತಮವಾದುದನ್ನು ತಾನು ಮಾಡಿಲ್ಲವೆಂದು ಆ ವರ್ಷ ಒಂದು ಪತ್ರದಲ್ಲಿ ಬರೆದ ನಿರ್ದೇಶಕನಿಗೆ, ತಾನು ಮೆಚ್ಚಿದ ಆ ಚಿತ್ರವನ್ನು ಜನ ಮತ್ತೆ ನೋಡುವುದನ್ನು ನೋಡುವ ಭಾಗ್ಯ ಇರಲಿಲ್ಲ. ನೀರು ಕುಡಿದವನು ನಿರ್ದೇಶಕನೇ ಎನ್ನಬಹುದೇನೋ.

ಇಷ್ಟು ಹೇಳಿದ ಮೇಲೆ ಕಾಗದ ಬರೆದವರ ಪ್ರಶ್ನೆಗೆ ಒಂದು ವಿಷಯವನ್ನು ನಾನು ಒಪ್ಪಿಕೊಳ್ಳಲೇಬೇಕು. ಈ ಚಿತ್ರ ಒಂದು ಕಡೆ ನಮಗೆ ಮೋಸ ಮಾಡುತ್ತದೆ: ದೋಚಿಸಿಕೊಳ್ಳುವವರನ್ನು ಅದು ಬಹಳ ಎಚ್ಚರದಿಂದ ಆರಿಸಿದೆ. ಇನ್ನೂರೈವತ್ತಮೂರರಿಂದ ಒಂಬತ್ತರವರೆಗೆ ನಾಲ್ಕು ಕೋಣೆಗಳನ್ನು ಒಬ್ಬನೇ ಹಿಡಿದಿರುವ ಫಿಲಿಬಾನ ಕೈಚೀಲ ಹೋದರೆ ಅವನ ರಾತ್ರಿಯೂಟ ತಪ್ಪುವುದಿಲ್ಲ. ತನ್ನ ಮನೆಯಲ್ಲಿ ಹಣವೆಷ್ಟಿದೆಯೆಂದು ಮದಾಮ್ ಕೊಲೆಗೇ ನೆನಪಿಲ್ಲ. ನಿವೃತ್ತಿಯ ಹಣವನ್ನು ಪೈಸೆ ಪೈಸೆಯಾಗಿ ಕೂಡಿಟ್ಟ ಮನುಷ್ಯ ಈ ಚಿತ್ರದಲ್ಲಿ ಎಲ್ಲೂ ಇಲ್ಲ, ಇದ್ದಿದ್ದರೆ ಉಪ್ಪಿನ ದೃಶ್ಯಕ್ಕೆ ನಾವು ನಗುತ್ತಿರಲಿಲ್ಲ. ಲುಬಿಚ್ಚನಿಗೆ ಇದು ಗೊತ್ತಿತ್ತೆಂದೇ ನನ್ನ ನಂಬಿಕೆ. ನಮ್ಮ ಮಾವ ಇಪ್ಪತ್ತು ರೂಪಾಯಿ ಕಳೆದುಕೊಂಡು ನಗಬಲ್ಲವರಾಗಿದ್ದರು. ಅವರ ತೋಟದಲ್ಲಿ ಅಡಿಕೆಯಿತ್ತು. ಪಕ್ಕದ ಬಿಡಾರದ ಆಳಿನಿಂದ ಆ ಮನುಷ್ಯ ಇಪ್ಪತ್ತು ರೂಪಾಯಿ ತೆಗೆದುಕೊಂಡಿದ್ದರೆ ಅದು ಕಥೆಯಾಗುತ್ತಿರಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ನನಗೆ ಬೇಸರವಿಲ್ಲ, ಅವರು ನನಗೆ ಒಂದು ದೃಶ್ಯವನ್ನು ನೆನಪಿಸಿದರು. ಗ್ಯಾಸ್ಟನ್ ಮತ್ತು ಮದಾಮ್ ಕೊಲೆಯ ನಡುವೆ ಒಲವು ಬೆಳೆಯುವ ಆ ಇಡೀ ಸಂಜೆಯಲ್ಲಿ ಲುಬಿಚ್ ನಮಗೆ ತೋರಿಸುವುದು ಗಡಿಯಾರಗಳನ್ನು ಮಾತ್ರ. ಸಂಜೆ 5 ಗಂಟೆ. ಮಾತಿನ ದನಿ ಕೇಳುತ್ತದೆ, ಮನುಷ್ಯರು ಕಾಣುವುದಿಲ್ಲ. ಮುಳ್ಳು ಸರಿಯುತ್ತದೆ, ಫೋನು ಹೊಡೆದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ; ಬಾಗಿಲು ತೆರೆದ ಸದ್ದು, ಶುಭರಾತ್ರಿಯ ದನಿ, ನಡುರಾತ್ರಿ ಕಳೆದ ಗಡಿಯಾರ. ಉಳಿದದ್ದನ್ನೆಲ್ಲ ತುಂಬಿಕೊಂಡವರು ನೀವು. ಹೀಗೆ ತೋರಿಸದೆ ಬಿಟ್ಟದ್ದನ್ನು ‘ಲುಬಿಚ್ ಸ್ಪರ್ಶ’ ಎಂದು ಕರೆದು ಅದರ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ನಾನು ಮಾತ್ರ ಇದರಲ್ಲಿ ಬರ್ಲಿನ್ನಿನ ದರ್ಜಿಯೊಬ್ಬನ ಮಗನನ್ನು ಕಾಣುತ್ತೇನೆ. ಲುಬಿಚ್ಚನ ತಂದೆಯ ಕಸುಬು ಬಟ್ಟೆ ಹೊಲಿಯುವುದು. ಕೋಟಿನ ಒಳಜೇಬು ಎಲ್ಲಿರುತ್ತದೆ, ಅಸ್ತರಿಯ ಹಿಂದೆ ಎಷ್ಟು ಹೊಲಿಗೆ ಅಡಗಿರುತ್ತದೆ ಎಂಬುದು ದರ್ಜಿಗೂ ಗೊತ್ತು, ಜೇಬುಗಳ್ಳನಿಗೂ ಗೊತ್ತು. ಊಟದ ಮೇಜಿನ ದೃಶ್ಯದಲ್ಲಿ ಪಿನ್ನು ಹೋದದ್ದನ್ನಾಗಲಿ ಗಡಿಯಾರ ಹೋದದ್ದನ್ನಾಗಲಿ ನಾವು ನೋಡಿಲ್ಲ. ಹಿಂದಿರುಗಿಸಿದಾಗಲೇ ನಮಗೆ ತಿಳಿದದ್ದು, ಮಾವನಿಗೆ ಕೊಡೆ ಬಿಚ್ಚಿದ ಮೇಲೆ ತಿಳಿದಂತೆ.

ಮಾರ್ಷಲ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮದಾಮ್ ಕೊಲೆಯ ಮನೆಯ ಆ ಬಾಗಿದ ಮೆಟ್ಟಿಲುಗಳ ಮೇಲೆ ಗ್ಯಾಸ್ಟನ್ ಎಷ್ಟು ಹಗುರಾಗಿ ಓಡಿ ಹತ್ತುತ್ತಾನೆ, ಇಳಿಯುತ್ತಾನೆ! ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕನಾಗಿ ಹೋರಾಡಿದ್ದ ಹರ್ಬರ್ಟ್ ಮಾರ್ಷಲ್ ಅಲ್ಲಿ ಒಂದು ಕಾಲನ್ನೇ ಕಳೆದುಕೊಂಡಿದ್ದ. ಮುಂದಿನ ಬದುಕನ್ನೆಲ್ಲ ಕೃತಕ ಕಾಲಿನಲ್ಲಿ ನಡೆದ. ಮೆಟ್ಟಿಲಿನ ಮೇಲೆ ಓಡಿದವನು ಬದಲಿ ನಟ. ತೆರೆಯ ಮೇಲಿನ ಅತ್ಯಂತ ಸುಲಲಿತ ಮನುಷ್ಯನ ಆ ನಿಧಾನ, ಸೋಫಾದ ಬೆನ್ನಿಗೆ ಕೈಯಿಟ್ಟು ನಿಲ್ಲುವ ಆ ಭಂಗಿ, ತುಸು ಬಾಗಿ ಮಾತಾಡುವ ಆ ರೀತಿ, ಇವುಗಳಲ್ಲಿ ಎಷ್ಟು ಪಾಲು ಪಾತ್ರದ್ದು, ಎಷ್ಟು ಪಾಲು ನೋವಿನದು ಎಂದು ಬಿಡಿಸಿ ಹೇಳುವುದು ನನ್ನಿಂದ ಸಾಧ್ಯವಾಗಿಲ್ಲ. ಈ ವಿಷಯ ತಿಳಿದ ಮೇಲೆ ನಾನು ಚಿತ್ರವನ್ನು ಮತ್ತೆ ನೋಡಿದೆ. ತಿಳಿದೂ ಮೋಸಹೋದೆ.

ಹೊರಗೆ ಕಾವಲುಗಾರ ಬೀಗದ ಕೈ ಹಿಡಿದು ನಿಂತಿರುವುದರಿಂದ ಉಳಿದವನ್ನು ಹೆಸರಿಸಿ ಬಿಡುತ್ತೇನೆ. ಮೂಲ ಹಂಗೇರಿಯನ್ ನಾಟಕ ಅಲಾದಾರ್ ಲಾಸ್ಲೋನದು, ಅದರ ಹಿಂದೆ ಜಾರ್ಜ್ ಮನೋಲೆಸ್ಕು ಎಂಬ ರುಮೇನಿಯದ ನಿಜವಾದ ನಯವಂಚಕನಿದ್ದಾನೆ. ಆತ ತನ್ನ ಆತ್ಮಕಥೆಯನ್ನೂ ಬರೆದ. ಸ್ಯಾಮ್ಸನ್ ರಾಫೆಲ್ಸನ್ ಬರೆದ ಸಂಭಾಷಣೆಯ ಬಗ್ಗೆ ಪ್ರತ್ಯೇಕ ಉಪನ್ಯಾಸವೇ ಬೇಕು. ಹಾನ್ಸ್ ಡ್ರೈಯರ್ ರೂಪಿಸಿದ ಆ ನುಣುಪಾದ ಒಳಾಂಗಣ, ಅಲ್ಲಿಯ ಗಡಿಯಾರಗಳ ಆಕಾರ, ಟ್ರಾವಿಸ್ ಬ್ಯಾಂಟನ್ ಉಡುಗೆಗಳು. ವೆನಿಸ್ಸಿನ ಪೊಲೀಸರೆದುರು ತನ್ನ ಗಂಟಲ ಗ್ರಂಥಿಯ ಕಥೆ ಹೇಳುವ ಫಿಲಿಬಾ, ಅಂದರೆ ನಟ ಎಡ್ವರ್ಡ್ ಎವರೆಟ್ ಹಾರ್ಟನ್, ಪ್ಯಾರಿಸ್ಸಿನಲ್ಲಿ ದೋಣಿಯಾಕಾರದ ಬೂದಿಬಟ್ಟಲಿನಲ್ಲಿ ಸಿಗರೇಟು ಆರಿಸುತ್ತ ಇದ್ದಕ್ಕಿದ್ದಂತೆ ಎಲ್ಲವನ್ನೂ ನೆನಪಿಸಿಕೊಳ್ಳುವುದು. ಬಾಗಿಲುಗಳ ಪಟ್ಟಿ ಜೇಬಿನಲ್ಲೇ ಉಳಿಯಿತು. ಬೇಕಾದವರು ನನ್ನಿಂದ ಕೇಳಿ ಪಡೆಯಬಹುದು, ಕದಿಯುವ ಅಗತ್ಯವಿಲ್ಲ.

ಒಂದು ದೃಶ್ಯವನ್ನು ಮಾತ್ರ ಬಿಡಲಾರೆ, ಮದಾಮ್ ಕೊಲೆಯ ಕೋಣೆಯ ಕೊನೆಯ ವಿದಾಯ. ಆ ಪಾತ್ರದ ಕೇ ಫ್ರಾನ್ಸಿಸ್ ಬಾಗಿಲ ಬಳಿ ನಿಂತಿದ್ದಾಳೆ. ಗ್ಯಾಸ್ಟನ್ ಅವಳನ್ನು ದೋಚಲು ಬಂದು ಒಲಿದವನು, ಗುಟ್ಟು ಬಯಲಾಗಿದೆ, ಪೊಲೀಸರು ಯಾವ ಕ್ಷಣದಲ್ಲಾದರೂ ಬರಬಹುದು. ನೀವು ಏನನ್ನು ಕಳೆದುಕೊಳ್ಳುತ್ತಿದ್ದೀರಿ ಗೊತ್ತೇ ಎಂದು ಅವನು ಕೇಳುತ್ತಾನೆ. ಆಕೆ ಮಾತಿಲ್ಲದೆ ಕಣ್ಣು ಅರೆಮುಚ್ಚಿ ತಲೆಯಾಡಿಸುತ್ತಾಳೆ, ಬಾರದೇ ಹೋದ ರಾತ್ರಿಗಳನ್ನೆಲ್ಲ ನೆನೆದಂತೆ. ಅದಲ್ಲ, ಎಂದು ಅವನು ಜೇಬಿನಿಂದ ಅವಳ ಮುತ್ತಿನ ಹಾರವನ್ನು ತೆಗೆದು ತೋರಿಸುತ್ತಾನೆ: ಕಳೆದುಕೊಳ್ಳುತ್ತಿರುವುದು ಇದನ್ನು, ಇದು ನೀವು ಲಿಲಿಗೆ ಕೊಡುವ ಉಡುಗೊರೆ. ಆಕೆ ನಗುತ್ತಾಳೆ ಮತ್ತು ಆ ಉಡುಗೊರೆಯನ್ನು ತನ್ನ ಕಂಪನಿಯ ಹೆಸರಿನಲ್ಲಿ ಮನಸಾರೆ ಕೊಡುತ್ತಾಳೆ. ಹೊರಗೆ ಕಾರಿನಲ್ಲಿ ಲಿಲಿ ಆ ಹಾರವನ್ನು ಅವನ ಜೇಬಿನಿಂದ ಕದಿಯುತ್ತಾಳೆ, ಅವನು ಅವಳ ಬಳಿಯಿದ್ದ ಲಕ್ಷ ಫ್ರಾಂಕನ್ನು ಕದಿಯುತ್ತಾನೆ, ಅವರಿಬ್ಬರ ಲೆಕ್ಕ ಸರಿಹೋಗುತ್ತದೆ. ಮದಾಮ್ ಕೊಲೆಯ ಮುಖ ಮತ್ತೆ ತೆರೆಯ ಮೇಲೆ ಬರುವುದಿಲ್ಲ. ಆ ರಾತ್ರಿ ಆಕೆ ಏನು ಮಾಡಿದಳು? ನಗೆ ಎಷ್ಟು ಹೊತ್ತು ಉಳಿಯಿತು? ಹಣದ ಮಾತು ಬಿಡಿ, ಅಷ್ಟು ಚೆನ್ನಾಗಿ ಮಾತಾಡಿದ ಒಬ್ಬನನ್ನು ಮನೆಯೊಳಗೆ ಬಿಟ್ಟುಕೊಂಡು ಕಳೆದುಕೊಳ್ಳುವುದು ಹೇಗಿರುತ್ತದೆ ಎಂಬುದು ನನಗೆ ಪುಸ್ತಕದಿಂದ ಗೊತ್ತಿರುವ ವಿಷಯ. ಈ ಸಭೆಯಲ್ಲಿ ಅದನ್ನು ನನಗಿಂತ ಚೆನ್ನಾಗಿ ಬಲ್ಲವರೊಬ್ಬರು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಉಪ್ಪಿನ ದೃಶ್ಯ ಬಂದಾಗ ಅವರು ನಕ್ಕರೋ ಇಲ್ಲವೋ ಎಂದು ಕತ್ತಲೆಯಲ್ಲಿ ನನಗೆ ಕಾಣಲಿಲ್ಲ. ಈಗಷ್ಟೇ ಅವರು ತಾವಾಗಿಯೇ ಕೈಯೆತ್ತಿದ್ದಾರೆ. ಮೈಕನ್ನು ಮೊದಲು ಅವರಿಗೆ ಕೊಡಿ.